ಪಂಚಮಿಗೆ ಕರೆಯಲು ಹೋದ ಕಕ್ಷಿದಾರ

ನಾಸಿಕ್‌ನ ನಮ್ಮ ಕನ್ನಡದ ಮಂದಿ ಮದುವೆಗೆ ನನ್ನನ್ನು ಬಾಯ್ತುಂಬ ಕರೆಯುತ್ತಾರೆ, ಹೋದ ಮೇಲೆ ಮಂಟಪದಿಂದ ಆದಷ್ಟು ದೂರದ ಕುರ್ಚಿ ತೋರಿಸುತ್ತಾರೆ. ಹೊಸ ಜೋಡಿಯ ಕಣ್ಣಿಗೆ ಮೊದಲು ನಾನು ಬೀಳಬಾರದಂತೆ. ವಿಚ್ಛೇದನ, ಜೀವನಾಂಶ, ಮಕ್ಕಳು ಯಾರ ಹತ್ತಿರ ಇರಬೇಕೆಂಬ ತಕರಾರು, ಇದೇ ನನ್ನ ಕಸುಬು. "ಅಕ್ಕಿಕಾಳು ಹಾಕಾಕ ಬಂದೀಯೋ, ನಿನ್ನ ವಕೀಲಿ ಕಾರ್ಡ್ ಹಂಚಾಕ ಬಂದೀಯೋ" ಎಂದು ನನ್ನ ಸ್ವಂತ ಚಿಕ್ಕಪ್ಪನೇ ನಾಲ್ಕು ಜನರೆದುರು ಕೇಳಿದ್ದುಂಟು. ನಾನೂ ನಗುತ್ತೇನೆ. ಬೇಸರವಾಗುವುದಿಲ್ಲ ಎಂದರೆ ಸುಳ್ಳಾದೀತು, ಆದರೆ ಊಟ ಚೆನ್ನಾಗಿದ್ದರೆ ಮರೆತುಬಿಡುತ್ತೇನೆ.

ನಾನು ಹುಟ್ಟಿದ್ದು ದೇವಳಾಲಿ ಕ್ಯಾಂಪಿನಲ್ಲಿ. ಅಪ್ಪ ಬೀದರಿನ ಕಡೆಯಿಂದ ಬಂದು ಅಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ಮನೆಯಲ್ಲಿ ಬೀದರಿನ ಕನ್ನಡ, ಬೀದಿಯಲ್ಲಿ ಮರಾಠಿ, ಗಿರಾಕಿಗಳಾದ ಸೈನಿಕರ ಹೆಂಡಂದಿರ ಜೊತೆ ಹಿಂದಿ. ಈ ಕಲಬೆರಕೆ ಬಾಯಿ ವಕೀಲಿಕೆಗೆ ಬಹಳ ಉಪಯೋಗಕ್ಕೆ ಬಂತು. ಪಂಚವಟಿಯ ಓಣಿಯೊಂದರಲ್ಲಿ, ಪೂಜಾ ಸಾಮಾನಿನ ಅಂಗಡಿಯ ಮೇಲೆ ನನ್ನ ಆಫೀಸಿದೆ. ಕೆಳಗೆ ಜನ ಕರ್ಪೂರ ಕೊಂಡು ರಾಮನ ಗುಡಿಗೆ ಹೋಗುತ್ತಾರೆ. ಕೆಲವರು ಮೆಟ್ಟಿಲು ಹತ್ತಿ ನನ್ನ ಹತ್ತಿರ ಬರುತ್ತಾರೆ, ಅವರ ಮುಖ ನೋಡಿದರೆ ಗುಡಿಗೆ ಹೋಗಿ ಬಂದೂ ಆಗಿದೆ ಎಂದು ತಿಳಿಯುತ್ತದೆ.

ಗಂಡ ಹೆಂಡಿರ ಜಗಳ ನನ್ನನ್ನು ಅಷ್ಟಾಗಿ ಕಾಡಿದ್ದಿಲ್ಲ. ಇಬ್ಬರೂ ಬೆಳೆದವರು, ಬೈದಾಡಿಕೊಳ್ಳಲಿ, ಕೊನೆಗೆ ಎಲ್ಲೋ ಒಂದು ಕಡೆ ಸಹಿ ಹಾಕುತ್ತಾರೆ. ಮಗುವಿನ ಕೇಸು ಬಂದಾಗ ಮಾತ್ರ ಇವತ್ತಿಗೂ ತಾರೀಕಿನ ಹಿಂದಿನ ರಾತ್ರಿ ಕಾಗದಗಳನ್ನು ಎರಡೆರಡು ಸಲ ಓದುತ್ತೇನೆ. ಮಗುವಿನ ಹಿತವೇ ಎಲ್ಲಕ್ಕಿಂತ ದೊಡ್ಡದು ಎನ್ನುತ್ತದೆ ಕಾನೂನು. ಒಪ್ಪಿದೆ. ಆದರೆ ಮಗುವನ್ನು ಪ್ರಾಣದಂತೆ ನೋಡಿಕೊಳ್ಳುವವರು ಎರಡೂ ಕಡೆ ನಿಂತಾಗ ಆ ಹಿತ ಯಾವ ಕಡೆ ಇದೆಯೆಂದು ನಾನು ಇಷ್ಟು ವರ್ಷ ವಾದ ಮಾಡಿದ್ದೇನೆಯೇ ಹೊರತು, ನನಗೆ ಖಚಿತವಾಗಿ ಗೊತ್ತಿತ್ತು ಎಂದು ಎದೆ ತಟ್ಟಿ ಹೇಳಲಾರೆ.

ಅವನು ಬಂದದ್ದು ಒಂದು ಮಧ್ಯಾಹ್ನ, ಕಾರ್ಖಾನೆಯ ಸಮವಸ್ತ್ರದಲ್ಲೇ. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ತಂತ್ರಜ್ಞ. ಬೀದರ್ ಜಿಲ್ಲೆಯವನು, ಇಲ್ಲಿ ಕನ್ನಡದ ವಕೀಲರಿದ್ದಾರೆಂದು ಯಾರೋ ಹೇಳಿದರಂತೆ. ಹೆಂಡತಿ ಡೆಂಗಿ ಜ್ವರದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಒಬ್ಬಳೇ ಮಗಳು. ದಿನಕರ್ಮ ಮುಗಿದ ಮೇಲೆ ಅತ್ತೆ ಅವಳನ್ನು ಸಂಭಾಜಿನಗರಕ್ಕೆ, ಅಂದರೆ ಹಳೆಯ ಔರಂಗಾಬಾದಿಗೆ, ತಮ್ಮ ಮನೆಗೆ ಕರೆದುಕೊಂಡು ಹೋಗಿದ್ದರು. ಇವನಿಗೆ ಪಾಳಿ ಕೆಲಸ, ಅಳುವ ಕೂಸನ್ನು ನೋಡುವವರಿಲ್ಲ, ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು. ಅವನು ಸುಧಾರಿಸಿಕೊಂಡ. ಹಗಲು ಪಾಳಿಗೆ ಹಾಕಿಸಿಕೊಂಡ, ಕಾಲನಿಯ ಶಾಲೆಯಲ್ಲಿ ವಿಚಾರಿಸಿದ, ಅಡುಗೆ ಕಲಿತ. ಅಷ್ಟು ಹೊತ್ತಿಗೆ ಅಲ್ಲಿ ಮಗಳನ್ನು ಶಾಲೆಗೆ ಸೇರಿಸಿಯಾಗಿತ್ತು. ಈಗ ಅವನಿಗೆ ಮಗಳು ಮನೆಗೆ ಬರಬೇಕು.

ಕಾನೂನಿನ ಲೆಕ್ಕದಲ್ಲಿ ಇದು ಗಟ್ಟಿ ಕೇಸು. ತಂದೆ ಬದುಕಿದ್ದಾನೆ, ದುಡಿಯುತ್ತಾನೆ, ಕುಡಿಯುವುದಿಲ್ಲ, ಎರಡನೇ ಮದುವೆಯ ಮಾತಿಲ್ಲ. ಅತ್ತೆಯನ್ನು ಒಂದು ಮಾತು ಕೇಳಿದ್ದೀರಾ ಎಂದೆ. ಅವನು ನೆಲ ನೋಡಿದ. ಕೇಳಿಲ್ಲವಂತೆ. ಯಾಕೆ ಎಂದರೆ ಅತ್ತೆ ಎಂದರೆ ಅವನ ಸ್ವಂತ ಅಕ್ಕ.

ನಮ್ಮ ಕಡೆಯವರಿಗೆ ಇದರಲ್ಲಿ ವಿಶೇಷವೇನಿಲ್ಲ. ಅಕ್ಕನ ಮಗಳನ್ನು ಮಾಡಿಕೊಳ್ಳುವುದು ನಮ್ಮಲ್ಲಿ ತಲೆತಲಾಂತರದಿಂದ ಇದೆ. ಇವನು ತೊಟ್ಟಿಲಲ್ಲಿದ್ದಾಗಲೇ ತಾಯಿ ಹೋಗಿದ್ದಳು. ಆಗಿನ್ನೂ ಲಂಗ ಉಡುತ್ತಿದ್ದ ಅಕ್ಕ ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಓದಿಸಿದಳು, ಕೆಲಸ ಸಿಕ್ಕ ಮೇಲೆ ತನ್ನ ಮಗಳನ್ನೇ ಕೊಟ್ಟಳು. ಈಗ ಅವಳಿಗೆ ಮಗಳು ಹೋದಳು, ಮೊಮ್ಮಗಳಿದ್ದಾಳೆ. ಇವನಿಗೆ ಹೆಂಡತಿ ಹೋದಳು, ಮಗಳು ಅಲ್ಲಿದ್ದಾಳೆ.

"ಅಕ್ಕನ ಎದುರಿಗೆ ನನಗ ಬಾಯಿ ಬರಂಗಿಲ್ಲರಿ. ನೀವ ಕಾಗದದಾಗ ಕೇಳ್ರಿ. ಆದ್ರ ಅಕ್ಕಗ ನೋವಾಗದಂಗ ಬರೀರಿ," ಎಂದ.

ಎದುರಾಳಿಗೆ ನೋವಾಗದ ಅರ್ಜಿಯನ್ನು ಈ ದೇಶದಲ್ಲಿ ಯಾವ ವಕೀಲನೂ ಇನ್ನೂ ಬರೆದಿಲ್ಲ ಎಂದು ನಾನು ಸಿಡುಕಿದೆ. ಆದರೂ ಬರೆದೆ. ನಾನು ಬರೆದ ಒಂದೊಂದು ಸಾಲನ್ನೂ ಅವನು ಓದಿ, ಇದು ಬೇಡ, ಅದು ಬೇಡ ಎಂದು ತೆಗೆಸಿದ. 'ಮಗುವನ್ನು ತನ್ನ ವಶದಲ್ಲಿ ಇರಿಸಿಕೊಂಡಿದ್ದಾರೆ' ಎಂಬುದು 'ಮಗು ಅವರ ಮನೆಯಲ್ಲಿದೆ' ಎಂದಾಯಿತು. ಕೊನೆಗೆ ಉಳಿದದ್ದು ಅರ್ಜಿಯೋ ಕ್ಷೇಮಸಮಾಚಾರವೋ ಹೇಳುವುದು ಕಷ್ಟವಾಗಿತ್ತು.

ಮಗು ಎಲ್ಲಿ ವಾಸವಾಗಿದೆಯೋ ಅಲ್ಲಿಯ ಕೋರ್ಟಿಗೇ ಹೋಗಬೇಕು. ಹಾಗಾಗಿ ನಾನು ಸಂಭಾಜಿನಗರದ ಬಸ್ಸು ಹತ್ತತೊಡಗಿದೆ. ಯೇವಲಾದಲ್ಲಿ ಬಸ್ಸು ಚಹಾಕ್ಕೆ ನಿಲ್ಲುತ್ತಿತ್ತು. ರಸ್ತೆಯ ಎರಡೂ ಬದಿಗೆ ಪೈಠಣಿ ಸೀರೆಯ ಫಲಕಗಳು, ಒಳಗೆಲ್ಲೋ ಮಗ್ಗದ ಸದ್ದು. ಅವನು ತಾರೀಕಿದ್ದಾಗಲೆಲ್ಲ ರಜೆ ಹಾಕಿ ಜೊತೆಗೆ ಬರುತ್ತಿದ್ದ, ಪ್ರತಿ ಸಲ ಅಕ್ಕನಿಗೆ ಒಂದು ಪೊಟ್ಟಣ ಏನಾದರೂ ಕೊಳ್ಳುತ್ತಿದ್ದ. ದ್ರಾಕ್ಷಿಯ ಕಾಲದಲ್ಲಿ ದ್ರಾಕ್ಷಿ, ಇಲ್ಲದಿದ್ದರೆ ಅವಲಕ್ಕಿಯ ಚಿವಡಾ. ಕೋರ್ಟಿನ ವರಾಂಡದಲ್ಲಿ ವಾದಿ ಪ್ರತಿವಾದಿಗೆ ಚಿವಡಾ ಕೊಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೇಡ ಎಂದು ನಾನು ಕಣ್ಣು ಬಿಟ್ಟರೆ ಅವನು ನನಗೂ ಒಂದು ಹಿಡಿ ಕೊಡುತ್ತಿದ್ದ.

ಮೊದಲ ದಿನ ಗುಮಾಸ್ತ ನನ್ನ ಅರ್ಜಿ ಹಿಡಿದುಕೊಂಡು ಬಂದು, ಟೈಪಿನಲ್ಲಿ ತಪ್ಪಾಗಿದೆ ಮ್ಯಾಡಮ್, ಪ್ರತಿವಾದಿ ಅಕ್ಕನೋ ಅತ್ತೆಯೋ ಸರಿಯಾಗಿ ಹೇಳಿ ಎಂದ. ಎರಡೂ ಎಂದೆ. ಮರಾಠಿಗರಲ್ಲಿ ಮದುವೆಗೆ ಸೋದರಮಾವನ ಮಗಳು ನಡೆಯುತ್ತದೆ, ಸೋದರಮಾವನೇ ನಡೆಯುವುದಿಲ್ಲ. ಗುಮಾಸ್ತ ನನ್ನನ್ನೂ ಅವನನ್ನೂ ಒಮ್ಮೆ ನೋಡಿ, ತಲೆ ಕೆರೆದುಕೊಂಡು ಹೋದ. ನ್ಯಾಯಾಧೀಶರು ಹೆಂಗಸು, ಒಳ್ಳೆಯವರು. ಸಂಬಂಧವನ್ನು ಕಾಗದದ ಮೇಲೆ ಗೆರೆ ಎಳೆದು ಬರೆದುಕೊಂಡರು. ಕೇಸು ಮುಗಿಯುವ ತನಕ ಭಾನುವಾರ ಭಾನುವಾರ ಮಗಳನ್ನು ನೋಡಿಕೊಂಡು ಬರಬಹುದೆಂದರು.

ಇಷ್ಟಾಗುವಾಗ ಶ್ರಾವಣ ಬಂತು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ನಾಗರ ಪಂಚಮಿ ಎಂದರೆ ಏನು ಎಂದು ನಾನು ಬೇರೆ ಹೇಳಬೇಕಿಲ್ಲ. ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದೊಯ್ಯಬೇಕು. ಮೊಮ್ಮಕ್ಕಳನ್ನು ಕಂಡ ಮುದುಕಿಯರೂ ಆ ದಿನ ಬಾಗಿಲ ಕಡೆ ಕಣ್ಣಿಟ್ಟಿರುತ್ತಾರೆ. ತಾಯಿ ತಂದೆ ಇಲ್ಲದ ಆ ಅಕ್ಕನಿಗೆ ತವರೆಂದರೆ ತಮ್ಮನ ಕಾಲನಿಯ ಎರಡು ಕೋಣೆಯ ಮನೆ. ಸಾವಿನ ಮನೆಯೆಂದು ಎರಡು ವರ್ಷ ಹಬ್ಬ ಮಾಡಿರಲಿಲ್ಲ. ಈ ವರ್ಷ ಇವನು ನನಗೊಂದು ಮಾತೂ ಹೇಳದೆ ಹೋಗಿ, ತಾನೇ ಕೋರ್ಟಿಗೆಳೆದ ಅಕ್ಕನನ್ನು ಹಬ್ಬಕ್ಕೆ ಕರೆದ. ಅವಳೂ ಹೊರಟು ಬಂದಳು. ಜೊತೆಗೆ ಮಗಳೂ ಬಂದಳು.

ನನಗೆ ಸುದ್ದಿ ಹತ್ತಿದ್ದು ಅವನು ಉಂಡಿ ತಿನ್ನಲು ಕರೆದಾಗ. ಸಿಟ್ಟೂ ಬಂತು, ಸಂತೋಷವೂ ಆಯಿತು. ಮಗು ತಂದೆಯ ಮನೆಯಲ್ಲಿದೆ! ಯಾರೂ ಎಳೆದು ತಂದದ್ದಲ್ಲ, ಅಜ್ಜಿಯೇ ಕೈಹಿಡಿದು ತಂದಿದ್ದಾಳೆ. ಇನ್ನು ಮಗು ಅಲ್ಲೇ ಉಳಿದು, ಮುಂದಿನ ವಾರ ಕಾಲನಿಯ ಶಾಲೆಗೆ ಹೋದರೆ ಅರ್ಧ ಕೇಸು ಗೆದ್ದಂತೆ. ಇದು ಬಹಳ ಉದಾತ್ತವಾದ ಆಲೋಚನೆ ಎಂದು ನಾನು ಹೇಳುವುದಿಲ್ಲ, ಆದರೆ ನನಗೆ ಫೀಸು ಕೊಡುವುದು ಇದಕ್ಕೇ. ರಿಕ್ಷಾ ಹಿಡಿದು ಓಝರಿಗೆ ಹೋದೆ.

ಕಾಲನಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದ. ಮಗಳು ಅದರ ಮೇಲೆ ಕೂತು, ಜೋರು, ಇನ್ನೂ ಜೋರು ಎಂದು ಮರಾಠಿಯಲ್ಲಿ ಕೂಗುತ್ತಿದ್ದಳು. ಅಪ್ಪ ಕನ್ನಡದಲ್ಲಿ ಗಟ್ಟಿಯಾಗಿ ಹಿಡಿದುಕೋ ಎನ್ನುತ್ತ ತೂಗುತ್ತಿದ್ದ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ನಾಲಿಗೆಯ ಮೇಲೆ ಬರುವುದಿಲ್ಲ. ಆ ಒಂದು ಗಳಿಗೆ ಅವರಿಬ್ಬರ ನಡುವೆ ಕೋರ್ಟಿಗೆ ಮಾಡಲು ಕೆಲಸವೇ ಇರಲಿಲ್ಲ. ಒಳಗೆ ಅಜ್ಜಿ ಅವಳಿಂದ ನಾಗಪ್ಪನಿಗೆ ಹಾಲೆರೆಸಿದಳು. ದೇವರ ಪಾಲು, ಅಪ್ಪನ ಪಾಲು, ಅಜ್ಜಿಯ ಪಾಲು ಎಂದು ಒಬ್ಬೊಬ್ಬರ ಹೆಸರಿನಲ್ಲಿ ಬಟ್ಟಲಿನಿಂದ ಹನಿ ಹನಿ ಹಾಕಿದ ಹುಡುಗಿ, ಯಾರೂ ಹೇಳಿಕೊಡದೆ ಅವ್ವನ ಪಾಲು ಎಂದು ಉಳಿದದ್ದನ್ನೆಲ್ಲ ಸುರಿದುಬಿಟ್ಟಳು. ಮೂವರು ದೊಡ್ಡವರು ಮೂರು ಕಡೆ ಮುಖ ತಿರುಗಿಸಿದೆವು.

ಅಕ್ಕ ನನಗೆ ಶೇಂಗಾ ಉಂಡಿ, ಎಳ್ಳುಂಡಿ ಎರಡೂ ಬಡಿಸಿದಳು. ನೀವು ನಮ್ಮ ಕಡೆಯಾಕಿ, ಸಂಕೋಚ ಬ್ಯಾಡ ಎಂದಳು. ನಾನು ಅವಳ ಎದುರು ಪಕ್ಷದ ವಕೀಲೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಎರಡು ದಿನ ಬಿಟ್ಟು ಹೊರಡುತ್ತೇನೆಂದು ಅವಳೇ ಹೇಳಿದಳು. ನಾನು ಅವನನ್ನು ಹಿತ್ತಲಿಗೆ ಕರೆದು, ಅಕ್ಕ ಹೋಗಲಿ, ಮಗಳು ಇಲ್ಲೇ ಇರಲಿ, ಈಗ ಕಳಿಸಿದರೆ ಮತ್ತೆ ಬರುವುದಿಲ್ಲ ಎಂದು ಪರಿಪರಿಯಾಗಿ ಹೇಳಿದೆ. ಅವನು ಎಲ್ಲ ಕೇಳಿ ತಲೆಯಾಡಿಸಿದ. ಒಪ್ಪಿದ ಎಂದುಕೊಂಡು ನೆಮ್ಮದಿಯಿಂದ ಮನೆಗೆ ಹೋದೆ.

ಹೊರಡುವ ದಿನ ಬೆಳಿಗ್ಗೆ ಅವನ ಫೋನು. ಒಂದು ಉಪಕಾರ ಆಗಬೇಕು, ಸ್ವಲ್ಪ ಬಂದು ಹೋಗಿ ಎಂದ. ಮಗುವನ್ನು ಉಳಿಸಿಕೊಳ್ಳುವ ಮಾತು ಅಕ್ಕನಿಗೆ ನನ್ನಿಂದ ಹೇಳಿಸುತ್ತಾನೆ ಎಂದುಕೊಂಡು ವಾಕ್ಯಗಳನ್ನು ಜೋಡಿಸಿಕೊಳ್ಳುತ್ತ ಹೋದೆ. ಹೋಗಿ ನೋಡಿದರೆ ಒಂದು ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಶಿನದ ಕೊಂಬು, ಉತ್ತತ್ತಿ, ಕುಬಸದ ಖಣ. ತವರಿನಿಂದ ಹೊರಟ ಹೆಣ್ಣಿಗೆ ಉಡಿ ತುಂಬಿ ಕಳಿಸಬೇಕು, ಅದನ್ನು ತುಂಬಬೇಕಾದವಳು ಮನೆಯ ಸೊಸೆ. ಮೊದಲೆಲ್ಲ ಆ ಮನೆಯಲ್ಲಿ ಅಕ್ಕನ ಉಡಿ ತುಂಬುತ್ತಿದ್ದವಳು ಅಕ್ಕನ ಮಗಳೇ. ಈಗ ಮನೆಯಲ್ಲಿ ಹೆಂಗಸಿಲ್ಲ. ಅಕ್ಕ ಮಣೆಯ ಮೇಲೆ ಕೂತು ಸೆರಗು ಹಿಡಿದಿದ್ದಳು.

"ನಮ್ಮ ಕಡೆಯ ಮುತ್ತೈದಿ ನೀವ ಒಬ್ಬಾಕಿ ಅದೀರಿ," ಎಂದ ಅವನು.

ನಾನು ಅವನನ್ನು ಬಾಗಿಲಾಚೆ ಎಳೆದು ಮಗಳ ವಿಷಯ ಏನಾಯಿತೆಂದು ಹಲ್ಲು ಕಚ್ಚಿ ಕೇಳಿದೆ.

"ತವರಿಗೆ ಕರದ ಅಕ್ಕನ್ನ, ಕೂಸಿನ್ನ ಕಸಗೊಂಡು, ಒಬ್ಬಾಕಿನ್ನ ಕಳಸೂದಾ? ಆಕಿ ನನ್ನ ನಂಬಿ ಬಂದಾಳ್ರಿ. ನಾ ಕೋರ್ಟಿನ್ಯಾಗ ಕೇಳ್ತೀನಿ. ಮನ್ಯಾಗ ಕಸಗೊಳ್ಳಂಗಿಲ್ಲ."

ನಾನು ಒಳಗೆ ಹೋದೆ. ಐದು ಸಲ ಬೊಗಸೆ ತುಂಬಿ ಅಕ್ಕಿ ಹಾಕಿದೆ, ಕಾಯಿ ಇಟ್ಟೆ, ಹಣೆಗೆ ಕುಂಕುಮ ಹಚ್ಚಿದೆ. ನನ್ನ ಕೇಸನ್ನು ನಾನೇ ಎದುರಾಳಿಯ ಸೆರಗಿಗೆ ಹಾಕುತ್ತಿದ್ದೇನೆಂದು ನನಗೆ ಚೆನ್ನಾಗಿ ತಿಳಿದಿತ್ತು. ಅದು ತಪ್ಪೆಂದು ಮಾತ್ರ ನನಗೆ ಇವತ್ತಿಗೂ ಅನಿಸಿಲ್ಲ. ಆ ಹೆಂಗಸು ಸೆರಗು ಹಿಡಿದು ಕೂತಿದ್ದಾಗ ಇಲ್ಲ ಎನ್ನುವ ಬಾಯಿ ನನಗಿರಲಿಲ್ಲ. ಹೆದ್ದಾರಿಯಲ್ಲಿ ಬಸ್ಸು ಬಂತು. ಅವನೇ ಮಗಳನ್ನು ಎತ್ತಿ ಕಿಟಕಿಯ ಪಕ್ಕ ಕೂರಿಸಿ ಇಳಿದ.

ಅಕ್ಕ ಆ ಸುದ್ದಿಯನ್ನು ತನ್ನ ವಕೀಲರಿಗೆ ಸಂಭ್ರಮದಿಂದ ಹೇಳಿದಳಂತೆ, ತಮ್ಮ ಎಷ್ಟು ಚೆನ್ನಾಗಿ ಹಬ್ಬ ಮಾಡಿ ಕಳಿಸಿದ ಎಂದು. ಅವಳ ಮನಸ್ಸಿನಲ್ಲಿ ಕಪಟವಿರಲಿಲ್ಲ. ವಕೀಲರಿಗೆ ಬೇಕಾದದ್ದು ಸಿಕ್ಕಿತ್ತು. ಮುಂದಿನ ತಾರೀಕಿಗೆ ಇವನನ್ನು ಕಟಕಟೆಯಲ್ಲಿ ನಿಲ್ಲಿಸಿ ತಣ್ಣಗೆ ಕೇಳಿದರು. ಮಗು ನಿಮ್ಮ ಮನೆಗೆ ಬಂದಿತ್ತೇ? ಹೌದು. ಮರಳಿ ಹೋಗುವಾಗ ಬಸ್ಸಿಗೆ ಹತ್ತಿಸಿದವರು ಯಾರು? ನಾನೇ. ಯಾರಾದರೂ ಬಲವಂತ ಮಾಡಿದರೇ? ಇಲ್ಲ. ನಿಮ್ಮ ವಕೀಲರು ಅಲ್ಲಿದ್ದರೇ? ಇದ್ದರು. ಅವನು ಸುಳ್ಳು ಹೇಳುವವನಲ್ಲ, ನಾನು ಹೇಳಿಕೊಡುವವಳೂ ಅಲ್ಲ. ನನ್ನ ಸರದಿ ಬಂದಾಗ ಯಾಕೆ ಕಳಿಸಿದಿರಿ ಎಂದು ಕೇಳಿದೆ. ತನಗೆ ಬಂದ ಮರಾಠಿಯಲ್ಲಿ ತವರು, ಅಕ್ಕ, ಪಂಚಮಿ ಎಂದೆಲ್ಲ ಹೇಳಿದ. ಮರಾಠಿಗರಿಗೆ ತವರು ಗೊತ್ತಿಲ್ಲವೇ? ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ನನಗೂ ಅಣ್ಣಂದಿರಿದ್ದಾರೆ, ನೀವು ಹೇಳುವುದು ಅರ್ಥವಾಗುತ್ತದೆ ಎಂದರು. ಆಮೇಲೆ ಪೆನ್ನು ಎತ್ತಿಕೊಂಡು, ತಂದೆ ಸ್ವಇಚ್ಛೆಯಿಂದ ಮಗುವನ್ನು ಅಜ್ಜಿಯೊಡನೆ ಕಳಿಸಿದರು ಎಂದು ಬರೆಸಿದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವನು ತಮ್ಮನಾಗಿ ಮಾಡಿದ್ದು ಅಪ್ಪನ ಲೆಕ್ಕದಲ್ಲಿ ಖರ್ಚು ಬಿತ್ತು.

ತೀರ್ಪು ಬೇಸಿಗೆಯಲ್ಲಿ ಬಂತು. ಮಗು ಅಜ್ಜಿಯ ಹತ್ತಿರವೇ ಇರತಕ್ಕದ್ದು, ಅಲ್ಲಿ ನೆಲೆಗೊಂಡಿದೆ, ಶಾಲೆ ಚೆನ್ನಾಗಿ ನಡೆದಿದೆ. ತಂದೆ ಎರಡನೇ ಮತ್ತು ನಾಲ್ಕನೇ ಭಾನುವಾರ ಬಂದು ನೋಡಬಹುದು, ದೀಪಾವಳಿ ರಜೆಯ ಅರ್ಧದಷ್ಟು ದಿನಗಳು ಅವನವು. ಮೇಲ್ಮನವಿ ಹಾಕೋಣ ಎಂದು ನಾನು ಬಸ್ಸಿನುದ್ದಕ್ಕೂ ಹೇಳಿದೆ. ಅವನು ಬೇಡವೆಂದ. ಯೇವಲಾದಲ್ಲಿ ಚಹಾಕ್ಕೆ ಇಳಿದಾಗ ಅವನ ಚೀಲದಲ್ಲಿ ಆ ದಿನ ಅಕ್ಕನಿಗೆ ಕೊಡದೆ ಉಳಿದ ಚಿವಡಾದ ಪೊಟ್ಟಣವಿತ್ತು. ಅದನ್ನು ನನಗೆ ಕೊಟ್ಟ. ನನಗೆ ಯಾರನ್ನಾದರೂ ಬೈಯಬೇಕೆನಿಸಿತ್ತು, ಬೈಯಲು ಆ ಕೇಸಿನಲ್ಲಿ ಒಬ್ಬ ಕೆಟ್ಟವನೂ ಇರಲಿಲ್ಲ.

ಅಂದಿನಿಂದ ಅವನು ಭಾನುವಾರಗಳನ್ನು ಒಂದೂ ತಪ್ಪಿಸಲಿಲ್ಲ. ಹೇಳಿದ ಹೊತ್ತಿಗೆ ಹೋಗುವುದು, ಹೇಳಿದ ಹೊತ್ತಿಗೆ ಬಿಟ್ಟು ಬರುವುದು. ಅಕ್ಕನ ಮನೆಯ ಹೊಸ್ತಿಲು ದಾಟಿ ಊಟಕ್ಕೆ ಕೂರುವುದನ್ನು ಮಾತ್ರ ನಿಲ್ಲಿಸಿದ್ದ ಎಂದು ನನಗೆ ಆಮೇಲೆ ತಿಳಿಯಿತು.

ಮತ್ತೆ ಶ್ರಾವಣ ಬಂತು. ಪಂಚಮಿಯ ಮುನ್ನಾದಿನ ಸಂಜೆ ಆಫೀಸು ಮುಚ್ಚುವ ಹೊತ್ತಿಗೆ ಫೋನು ಬಂತು. ಅಕ್ಕ. ಸೋತ ಪಕ್ಷದ ವಕೀಲೆಗೆ ಗೆದ್ದವರು ಫೋನು ಮಾಡುವುದು ಅಪರೂಪ.

"ವಕೀಲರ, ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಪಂಚಮಿಗೆ ನನ್ನ ಕರಿಯಾಕ ಬರಬ್ಯಾಡ ಅಂತ ಕೋರ್ಟಿನವರು ಅವಗ ಹೇಳ್ಯಾರೇನ್ರಿ?"

ಹಾಗೆಲ್ಲ ಏನೂ ಇಲ್ಲವೆಂದೆ. ಹಬ್ಬಕ್ಕೆ ಕರೆಯುವುದನ್ನು ಯಾವ ಆದೇಶವೂ ತಡೆಯುವುದಿಲ್ಲ ಎಂದೆ. ಹಾಗಾದರೆ ಯಾಕೆ ಬರಲಿಲ್ಲ ಎಂದು ಕೇಳಿದಳು. ಅವಳು ಬಟ್ಟೆ ಕಟ್ಟಿಟ್ಟೂ ಆಗಿತ್ತಂತೆ. ವಿಚಾರಿಸಿ ಹೇಳುತ್ತೇನೆಂದು ಇಟ್ಟು, ಅವನಿಗೆ ಫೋನು ಹಚ್ಚಿದೆ. ಕಾರ್ಖಾನೆಯಿಂದ ಬಂದು ಮನೆಯಲ್ಲೇ ಇದ್ದ. ಅಕ್ಕ ಕಾಯುತ್ತಿದ್ದಾಳೆ, ಈಗಲೂ ಹೊರಟರೆ ರಾತ್ರಿಯೊಳಗೆ ಮುಟ್ಟುತ್ತೀರಿ, ಯಾರ ಅಪ್ಪಣೆಯೂ ಬೇಕಿಲ್ಲ ಎಂದು ನನ್ನ ಕೋರ್ಟಿನ ದನಿಯಲ್ಲೇ ದಬಾಯಿಸಿದೆ.

"ಕರಕೊಂಡು ಬರೂದೇನ್ ದೊಡ್ಡದಲ್ರಿ ಮ್ಯಾಡಮ್. ಹಬ್ಬ ಮುಗದ ಮ್ಯಾಲ ಮತ್ತ ನನ್ನ ಕೈಲೇನ ಬಸ್ಸಿಗೆ ಹತ್ತಸಬೇಕಲ್ರಿ. ಅದು ನನ್ನ ಕೈಲೆ ಇನ್ನೊಮ್ಮಿ ಆಗೂದಿಲ್ಲ."

ಅಳುತ್ತಿರಲಿಲ್ಲ. ಅಳುತ್ತಿದ್ದರೆ ನಾನು ಸಮಾಧಾನದ ಮಾತಾದರೂ ಆಡುತ್ತಿದ್ದೆ. ಫೋನಿಟ್ಟೆ. ಕೆಳಗೆ ಅಂಗಡಿಯಲ್ಲಿ ನಾಗಪ್ಪನ ಚಿತ್ರಗಳ ಭರಾಟೆ ನಡೆದಿತ್ತು. ಅಷ್ಟರಲ್ಲಿ ಅಕ್ಕನೇ ಮತ್ತೆ ಮಾಡಿದಳು. ನಾನು ಅವನು ಹೇಳಿದ್ದನ್ನು ಇದ್ದ ಹಾಗೆ ಹೇಳಿದೆ, ಮೆತ್ತಗೆ ಮಾಡಲು ನನಗೆ ಬರಲಿಲ್ಲ. ಅವಳ ದನಿ ಸಣ್ಣಗೆ ಬಂತು.

"ಕೂಸು ಕೈಗೆ ಮೆಹಂದಿ ಹಚ್ಚಿಕೊಂಡು, ಚೀಲ ತಗೊಂಡು, ಹೊತ್ತೇರಿದಾಗಿಂದ ಬಾಗಿಲಾಗ ಕುಂತದರಿ. ಪಪ್ಪಾ ಜೋಕಾಲಿ ಕಟ್ಯಾನ ಅಂತದ. ಏನಂತ ಹೇಳಿ ಒಳಗ ಕರೀಲಿ, ನೀವ ಹೇಳ್ರಿ."

ಮಾತಾಡಿಯೇ ಹೊಟ್ಟೆ ಹೊರೆದವಳು ನಾನು.